ಕಂಠ ಯಾರದು, ಕಾಸು ಯಾರದು?

ಕಲ್ಕತ್ತೆಯ ಗೌಹರ್ ಜಾನ್ ಅವರ ಹಳೆಯ ಗ್ರಾಮಾಫೋನ್ ತಟ್ಟೆಗಳಲ್ಲಿ ಹಾಡು ಮುಗಿಯುತ್ತಲೇ ಆಕೆ ಇಂಗ್ಲಿಷಿನಲ್ಲಿ ತನ್ನ ಹೆಸರು ಹೇಳುವುದು ಕೇಳಿಸುತ್ತದೆ. ಇದು ಜಂಬವಲ್ಲ. ತಟ್ಟೆಗಳು ಅಚ್ಚಾಗುತ್ತಿದ್ದುದು ದೂರದ ಜರ್ಮನಿಯಲ್ಲಿ. ಹಾಡಿದವರು ಯಾರೆಂದು ಅಲ್ಲಿನ ಕೆಲಸಗಾರರಿಗೆ ತಿಳಿಯಬೇಕಿತ್ತು. ಆದರೆ ಹೆಸರು ಮಾತ್ರ ಗಾಯಕಿಯದಾಗಿ ಉಳಿದು, ಹಾಡು ಕಂಪೆನಿಯ ಸೊತ್ತಾಯಿತು. ನಮ್ಮ ಸಂಗೀತಗಾರರ ಹೊಟ್ಟೆಪಾಡಿನ ಚರಿತ್ರೆಯೆಲ್ಲ ಈ ಒಂದು ಮಾತಿನಲ್ಲಿ ಅಡಗಿದೆ.

1902ರಲ್ಲಿ ಮೊದಲ ಬಾರಿಗೆ ಧ್ವನಿಮುದ್ರಣ ನಡೆದಾಗ ಗೌಹರ್ ಜಾನ್ ದೊಡ್ಡ ಸಂಭಾವನೆಯನ್ನೇ ಕೇಳಿದರು. ಅದು ಮೂರು ಸಾವಿರ ರೂಪಾಯಿ ಎಂಬ ಮಾತಿದೆ. ಆಕೆಗೆ ಹಾಗೆ ಕೇಳುವ ಧೈರ್ಯವಿತ್ತು, ಬೇಡಿಕೆಯೂ ಇತ್ತು. ಆದರೂ ಕೊನೆಗಾಲದಲ್ಲಿ ಆಶ್ರಯ ಅರಸಿ ಬಂದದ್ದು ನಮ್ಮ ಮೈಸೂರಿಗೆ. 1928ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಆಸ್ಥಾನದಲ್ಲಿ ತಿಂಗಳಿಗೆ 500 ರೂಪಾಯಿ ಸಂಬಳ ಗೊತ್ತುಮಾಡಿದರು. 1930ರ ಜನವರಿಯಲ್ಲಿ ಆಕೆ ಅಲ್ಲೇ ಕಣ್ಮುಚ್ಚಿದರು. ದೇಶದಾದ್ಯಂತ ತಟ್ಟೆಗಳು ತಿರುಗುತ್ತಿದ್ದ ಗಾಯಕಿಗೂ ಕಡೆಗೆ ಅರಮನೆಯ ಸಂಬಳವೇ ಗತಿಯಾಯಿತು.

ಅರಮನೆಯ ಕಾಲ ಮುಗಿಯುತ್ತಿದೆ ಎಂಬುದನ್ನು ಅರಿತವರಲ್ಲಿ ಕಿರಾಣಾ ಘರಾನೆಯ ಉಸ್ತಾದ್ ಅಬ್ದುಲ್ ಕರೀಂ ಖಾನ್ ಒಬ್ಬರು. ಅವರು ಮೈಸೂರು ದರ್ಬಾರಿಗೂ ಬರುತ್ತಿದ್ದರು, 1913ರಲ್ಲಿ ಪುಣೆಯಲ್ಲಿ ಸಂಗೀತ ಶಾಲೆಯನ್ನೂ ತೆರೆದರು. ಕುಂದಗೋಳದ ಸವಾಯಿ ಗಂಧರ್ವರು ಅವರ ಶಿಷ್ಯರು. ಸವಾಯಿ ಗಂಧರ್ವರಲ್ಲಿ ಕಲಿತವರು ಗಂಗೂಬಾಯಿ ಹಾನಗಲ್ ಮತ್ತು ಭೀಮಸೇನ ಜೋಶಿ. ಅರಮನೆಯ ನೆರಳಿನಲ್ಲಿ ಬೆಳೆದ ವಿದ್ಯೆ ಹೀಗೆ ನಮ್ಮ ಧಾರವಾಡ ಸೀಮೆಯ ಸಾಮಾನ್ಯರ ಮನೆಗಳಿಗೆ ಬಂತು.

ಸಂಸ್ಥಾನಗಳು ಹೋದ ಮೇಲೆ ಆಕಾಶವಾಣಿ ಹೊಸ ಒಡೆಯನಾಯಿತು. 1950ರಲ್ಲಿ ಧಾರವಾಡದಲ್ಲಿ ಕೇಂದ್ರ ಆರಂಭವಾಗಿ ಅನೇಕ ಕಲಾವಿದರ ಮನೆಯಲ್ಲಿ ಒಲೆ ಹೊತ್ತಿತು. ಆದರೆ ಒಡೆಯನಿಗೆ ತನ್ನದೇ ಇಷ್ಟಾನಿಷ್ಟಗಳಿದ್ದವು. 1940ರಿಂದ ಮೂರು ದಶಕ ಕಾಲ ಹಾರ್ಮೋನಿಯಂಗೆ ಆಕಾಶವಾಣಿಯಲ್ಲಿ ಪ್ರವೇಶವಿರಲಿಲ್ಲ. ಪೆಟ್ಟಿಗೆ ನುಡಿಸಿ ಬದುಕುತ್ತಿದ್ದವರಿಗೆ ಆ ಬಾಗಿಲು ಮುಚ್ಚಿತ್ತು.

ಮುಂದೆ ಕ್ಯಾಸೆಟ್ ಬಂತು. 1978ರಲ್ಲಿ ನಿಸಾರ್ ಅಹಮದರ ಕವಿತೆಗಳ ‘ನಿತ್ಯೋತ್ಸವ’ ಕನ್ನಡ ಭಾವಗೀತೆಗಳ ಮೊದಲ ಧ್ವನಿಸುರುಳಿಯೆಂದು ಹೆಸರಾಯಿತು. ಸಂಗೀತ ನೀಡಿದವರು ಮೈಸೂರು ಅನಂತಸ್ವಾಮಿ. ಕವಿತೆ ಮನೆಮನೆಗೆ ಹೋಯಿತು. ಆದರೆ ಕ್ಯಾಸೆಟ್ಟನ್ನು ನಕಲು ಮಾಡುವುದು ಯಾರಿಗೂ ಸುಲಭವಾಗಿತ್ತು. ನಕಲಿನಿಂದ ಹಾಡಿದವರಿಗೆ ಒಂದು ಕಾಸೂ ಸಿಗುತ್ತಿರಲಿಲ್ಲ.

ಕಾನೂನು ಏನು ಮಾಡುತ್ತಿತ್ತು? 1957ರ ಹಕ್ಕುಸ್ವಾಮ್ಯ ಕಾಯಿದೆಯಲ್ಲಿ ಹಾಡಿದವರಿಗೆ ಹಕ್ಕೇ ಇರಲಿಲ್ಲ. 1977ರಲ್ಲಿ ಸರ್ವೋಚ್ಚ ನ್ಯಾಯಾಲಯ ಚಲನಚಿತ್ರ ಗೀತೆಗಳ ವಿಷಯದಲ್ಲಿ ನಿರ್ಮಾಪಕರ ಪರ ತೀರ್ಪು ನೀಡಿತು. ಅದೇ ತೀರ್ಪಿಗೆ ಸೇರಿಸಿದ ಟಿಪ್ಪಣಿಯಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಗಾಯಕರ ಕಡೆಗೂ ಸಂಸತ್ತು ನೋಡಬೇಕೆಂದು ನೆನಪಿಸಿದರು. ಕಲಾವಿದರ ಹಕ್ಕು ಕಾಯಿದೆಗೆ ಸೇರಲು 1994 ಬರಬೇಕಾಯಿತು. 2012ರ ತಿದ್ದುಪಡಿಯಿಂದಲೇ ಗೀತರಚನೆಕಾರರೂ ಸಂಗೀತ ನಿರ್ದೇಶಕರೂ ಬರೆದುಕೊಟ್ಟು ಕಳೆದುಕೊಳ್ಳಲಾಗದ ಗೌರವಧನದ ಪಾಲು ಪಡೆದರು. ಗಾಯಕರಿಗೂ ವಾಣಿಜ್ಯ ಬಳಕೆಯಲ್ಲಿ ಪಾಲು ಒಪ್ಪಿತವಾಯಿತು. ಗೌಹರ್ ಜಾನ್ ಮೊದಲು ಹಾಡಿ ಆಗ 110 ವರ್ಷ ಕಳೆದಿತ್ತು!

ಈಗ ಹಾಡು ಮೊಬೈಲಿನಲ್ಲಿದೆ. ಅದರ ಆದಾಯ ಪೈಸೆಗಳ ಲೆಕ್ಕದಲ್ಲಿ ಬಂದು, ಕಂಪೆನಿಗಳ ಕೈಗಳನ್ನು ದಾಟಿಯೇ ಕಲಾವಿದನ ಕೈಗೆ ಸೇರಬೇಕು. ತಬಲಾ, ಸಾರಂಗಿ ನುಡಿಸುವ ಪಕ್ಕವಾದ್ಯದವರಿಗೆ ಬಹುಮಟ್ಟಿಗೆ ಅಂದಿನ ಕೂಲಿಯೇ ಕೊನೆ.

ಹಾಡನ್ನು ನಾವು ಮೆಚ್ಚುತ್ತೇವೆ, ಹಾಡಿದವರನ್ನು ಕೊಂಡಾಡುತ್ತೇವೆ. ಉಸ್ತಾದರು ತೀರಿಕೊಂಡಾಗ ಶ್ರದ್ಧಾಂಜಲಿ ಸಭೆಯನ್ನೂ ಮಾಡುತ್ತೇವೆ. ಅವರು ಬದುಕಿದ್ದಾಗ ಅವರ ಮನೆಯ ಅಕ್ಕಿಯ ಡಬ್ಬಿ ತುಂಬಿತ್ತೇ ಎಂದು ಕೇಳಿದವರು ಎಷ್ಟು ಮಂದಿ? ದುಡಿದವನ ಬೆವರು ಆರುವ ಮೊದಲೇ ಕೂಲಿ ಕೊಡಬೇಕೆಂದು ನಂಬಿದ ನಮಗೆ, ಕಂಠದ ದುಡಿಮೆಯೂ ದುಡಿಮೆಯೇ ಎಂಬುದು ಮರೆಯಬಾರದು.