ಕ್ರಯವಿಕ್ರಯಿಯ ಹೊಣೆ: ಹಂದಿಯ ಕಟಕಟೆಯ ಚರಿತ್ರೆಯಲ್ಲಿ ಒಂದು ವಿಚಾರ

ಮನುಸ್ಮೃತಿಯ ಐದನೆಯ ಅಧ್ಯಾಯದಲ್ಲಿ ಪ್ರಾಣಿವಧೆಗೆ ಹೊಣೆಗಾರರಾದವರನ್ನು ಎಣಿಸುವ ಶ್ಲೋಕವೊಂದುಂಟೆಂಬುದು ವಿದ್ವಾಂಸರಿಗೆ ಅವಿದಿತವಲ್ಲ. ಅನುಮತಿ ಕೊಟ್ಟವನು, ಅಂಗಗಳನ್ನು ಬಿಡಿಸಿದವನು, ಕೊಂದವನು, ಬೇಯಿಸಿದವನು, ಬಡಿಸಿದವನು, ತಿಂದವನು, ಇವರೆಲ್ಲರೊಡನೆ ‘ಕ್ರಯವಿಕ್ರಯೀ’ ಎಂಬ ಸಮಸ್ತಪದವೂ ಅಲ್ಲಿ ಬರುತ್ತದೆ. ಇದರ ಅರ್ಥದಲ್ಲಿ ವ್ಯಾಖ್ಯಾನಕಾರರಿಗೆ ಐಕಮತ್ಯವಿಲ್ಲ. ಕೊಂಡು ತಂದು ಮಾರುವ ಒಬ್ಬನೇ ವ್ಯಕ್ತಿಯೆಂದು ಗೋವಿಂದರಾಜನ ಮತ. ಕುಲ್ಲೂಕಭಟ್ಟನು ಅದನ್ನು ಒಪ್ಪದೆ, ಯಮನ ವಚನವನ್ನು ಆಧಾರವಾಗಿ ಹಿಡಿದು, ಕೊಳ್ಳುವವನು ಬೇರೆ, ಮಾರುವವನು ಬೇರೆ ಎಂದು ಸಾಧಿಸುತ್ತಾನೆ. ಒಬ್ಬನು ಹಣ ಕೊಡುವುದರಿಂದಲೂ ಇನ್ನೊಬ್ಬನು ಹಣ ತೆಗೆದುಕೊಳ್ಳುವುದರಿಂದಲೂ ಘಾತಕರಾಗುತ್ತಾರಂತೆ. ಪಾಠಶಾಲೆಯಲ್ಲಿ ಇದನ್ನು ಓದಿದಾಗ ಇದು ಸಮಾಸವಿಗ್ರಹದ ಜಗಳವೆಂದು ಮಾತ್ರವೇ ನಾನು ತಿಳಿದಿದ್ದೆನು. ಪಶ್ಚಿಮದೇಶಗಳಲ್ಲಿ ಹಂದಿಸಾಕಣೆಯ ವಿಷಯವಾಗಿ ಸುಮಾರು ಅರವತ್ತು ವರ್ಷಗಳಿಂದ ನಡೆದ ವಾದಗಳನ್ನು ಅವಲೋಕಿಸಿದ ಮೇಲೆ, ಆ ಜಗಳದೊಳಗೆ ತಿರುಳೂ ಉಂಟೆಂದು ತೋರಿತು.

ಎರಡನೆಯ ಮಹಾಯುದ್ಧದ ತರುವಾಯ ಇಂಗ್ಲೆಂಡು, ಅಮೆರಿಕಾ ಮೊದಲಾದ ದೇಶಗಳಲ್ಲಿ ಹಂದಿಸಾಕಣೆಯು ಹೊಲದಿಂದ ಕಟ್ಟಡದೊಳಕ್ಕೆ ಸರಿದು, ಕ್ರಮೇಣ ಕಾರ್ಖಾನೆಯ ರೂಪವನ್ನು ತಾಳಿತು. ಹಂದಿಯ ಗರ್ಭಾವಧಿ ಸುಮಾರು ೧೧೪ ದಿನಗಳು. ಈ ಅವಧಿಯಲ್ಲಿ ತಾಯಿಹಂದಿಯನ್ನು ಸುಮಾರು ಎರಡು ಅಡಿ ಅಗಲ, ಏಳು ಅಡಿ ಉದ್ದದ ಕಬ್ಬಿಣದ ಸರಳಿನ ಕಟಕಟೆಯಲ್ಲಿ ನಿಲ್ಲಿಸುವ ಪದ್ಧತಿ ಬೆಳೆಯಿತು. ಅದು ಏಳಬಹುದು, ಮಲಗಬಹುದು; ಹಿಂದಿರುಗಿ ನಿಲ್ಲಲಾರದು. ಒಂದೊಂದಕ್ಕೂ ಅಳತೆಯ ಮೇವನ್ನು ಕೊಡಬಹುದು, ಕಾದಾಟ ತಪ್ಪುತ್ತದೆ, ಕೆಲವೇ ಆಳುಗಳು ಬಹಳ ಪ್ರಾಣಿಗಳನ್ನು ನೋಡಿಕೊಳ್ಳಬಹುದು ಎಂದು ಸಾಕುವವರು ಹೇಳುತ್ತಿದ್ದರು. ಈ ಕಾರಣಗಳು ಸುಳ್ಳಲ್ಲ; ಅಪರಿಚಿತ ಹಂದಿಗಳನ್ನು ಒಟ್ಟಿಗೆ ಬಿಟ್ಟರೆ ಅವು ಕಚ್ಚಾಡುವುದು ನಿಜವೇ. ಆದರೆ ಪ್ರಾಣಿಯ ಸ್ವಭಾವ ಬೇರೊಂದು. ಎಡಿನ್‌ಬರೋದಲ್ಲಿ ಸ್ಟೋಲ್ಬಾ, ವುಡ್‌ಗುಷ್ ಎಂಬಿಬ್ಬರು ಸಾಕುಹಂದಿಗಳನ್ನು ಮರಗಿಡಗಳ ಬಯಲಿನಲ್ಲಿ ಬಿಟ್ಟು ನೋಡಿ ೧೯೮೯ರಲ್ಲಿ ಪ್ರಕಟಿಸಿದ ಲೇಖನದಿಂದ ಒಂದು ಸಂಗತಿ ಸ್ಪಷ್ಟವಾಗುತ್ತದೆ: ಎಷ್ಟೋ ತಲೆಮಾರು ಮನುಷ್ಯನ ಕೈಕೆಳಗೆ ಬೆಳೆದಿದ್ದರೂ ಅವು ಮೂತಿಯಿಂದ ನೆಲವನ್ನು ಅಗೆಯುವುದನ್ನು ಮರೆತಿರಲಿಲ್ಲ, ಮರಿ ಹಾಕುವ ಮುಂಚೆ ಹುಲ್ಲುಕಡ್ಡಿಗಳಿಂದ ಗೂಡು ಕಟ್ಟುವುದನ್ನೂ ಮರೆತಿರಲಿಲ್ಲ. ಕಟಕಟೆಯಲ್ಲಿ ಇದಾವುದಕ್ಕೂ ಎಡೆಯಿಲ್ಲದ್ದರಿಂದ ಅದು ಎದುರಿನ ಸರಳನ್ನೇ ಎಡೆಬಿಡದೆ ಕಚ್ಚುತ್ತ ನಿಲ್ಲುವುದುಂಟು.

೧೯೬೪ರಲ್ಲಿ ರೂತ್ ಹ್ಯಾರಿಸನ್ ಎಂಬ ಮಹಿಳೆಯು ‘ಅನಿಮಲ್ ಮಷೀನ್ಸ್’ ಎಂಬ ಗ್ರಂಥದಲ್ಲಿ ಇಂಥ ಸಾಕಣೆಯ ಸ್ಥಿತಿಯನ್ನು ಬಯಲಿಗೆಳೆದರು. ಆಂಗ್ಲ ಸರಕಾರವು ನೇಮಿಸಿದ ಬ್ರಾಂಬೆಲ್ ಸಮಿತಿಯು ೧೯೬೫ರಲ್ಲಿ ತನ್ನ ವರದಿಯನ್ನು ಒಪ್ಪಿಸಿ, ಏಳುವುದು, ಮಲಗುವುದು, ತಿರುಗುವುದು, ಮೈಯನ್ನು ಶುಚಿಮಾಡಿಕೊಳ್ಳುವುದು, ಅವಯವಗಳನ್ನು ಚಾಚುವುದು ಎಂಬೀ ಐದಕ್ಕೆ ಪ್ರಾಣಿಗೆ ಅವಕಾಶವಿರಬೇಕೆಂದು ಹೇಳಿತು. ಇಲ್ಲಿ ಜೈನಶಾಸ್ತ್ರವನ್ನು ನೆನೆಯದಿರಲಾಗದು. ತತ್ತ್ವಾರ್ಥಸೂತ್ರವು ಅಹಿಂಸಾಣುವ್ರತದ ಅತಿಚಾರಗಳನ್ನು ಐದೆಂದೇ ಎಣಿಸುತ್ತದೆ: ಕಟ್ಟಿಹಾಕುವುದು, ಹೊಡೆಯುವುದು, ಅಂಗಚ್ಛೇದ, ಅತಿಭಾರವನ್ನು ಹೇರುವುದು, ಅನ್ನಪಾನಗಳನ್ನು ತಡೆಯುವುದು. ಸಂಖ್ಯೆಯ ಸಾಮ್ಯವು ಆಕಸ್ಮಿಕವೆಂಬುದರಲ್ಲಿ ಸಂದೇಹವಿಲ್ಲ. ಅದರಿಂದ ಪ್ರಭಾವವನ್ನು ಊಹಿಸುವ ಸಾಹಸಕ್ಕೆ ನಾನು ಕೈಹಾಕುವುದಿಲ್ಲ. ಆದರೆ ಬಂಧನವು ಅಲ್ಲಿ ವಧೆಗೆ ಪೂರ್ವಾಂಗವಲ್ಲ, ತಾನೇ ಒಂದು ದೋಷ. ಅಂಗಚ್ಛೇದದ ಮಾತೂ ಹಳೆಯದಾಗಿಲ್ಲ. ಇಕ್ಕಟ್ಟಿನಲ್ಲಿ ಬೇಸತ್ತ ಮರಿಗಳು ಒಂದರ ಬಾಲವನ್ನೊಂದು ಕಚ್ಚುತ್ತವೆಂದು ಬಾಲವನ್ನೇ ಕತ್ತರಿಸುವ ವಾಡಿಕೆಯುಂಟಷ್ಟೆ. ಅದನ್ನು ನಿತ್ಯಕರ್ಮದಂತೆ ಮಾಡಕೂಡದೆಂದು ಯೂರೋಪಿನ ಒಕ್ಕೂಟವು ವಿಧಿಸಿದ್ದರೂ ಅಲ್ಲಿನ ಬಹುಪಾಲು ದೇಶಗಳಲ್ಲಿ ಅದು ನಿಂತಿಲ್ಲ.

ಇನ್ನು ಪ್ರಕೃತಕ್ಕೆ ಬರೋಣ. ಬ್ರಿಟನ್ನು ೧೯೯೧ರಲ್ಲಿ ನಿಬಂಧನೆಯನ್ನು ಮಾಡಿ ೧೯೯೯ರ ಜನವರಿ ೧ರಿಂದ ಗರ್ಭದ ಕಟಕಟೆಯನ್ನು ಪೂರ್ತಿಯಾಗಿ ನಿಷೇಧಿಸಿತು. ಈ ನಿಷೇಧವು ಸಾಕುವವನನ್ನು ಕಟ್ಟಿತು, ಮಾರುವವನನ್ನು ಕಟ್ಟಲಿಲ್ಲ. ಡೆನ್ಮಾರ್ಕು, ಹಾಲೆಂಡುಗಳಲ್ಲಿ ಆಗ ಕಟಕಟೆಯು ನ್ಯಾಯಸಮ್ಮತವಾಗಿಯೇ ಇದ್ದಿತು. ಅಲ್ಲಿಂದ ಬರುವ ಮಾಂಸವನ್ನು ಕೊಂಡು ಮಾರುವುದಕ್ಕೆ ಆಂಗ್ಲೇಯ ಅಂಗಡಿಗಳಿಗೆ ಈ ಕಾನೂನಿನ ತಡೆಯಿರಲಿಲ್ಲ. ಸುಮಾರು ಹತ್ತು ವರ್ಷಗಳೊಳಗೆ ಬ್ರಿಟನ್ನಿನ ತಾಯಿಹಂದಿಗಳ ಸಂಖ್ಯೆ ಹೆಚ್ಚುಕಡಮೆ ಅರ್ಧಕ್ಕಿಳಿಯಿತು. ಇದಕ್ಕೆ ನಿಷೇಧವೊಂದೇ ಕಾರಣವೆಂದರೆ ಇತಿಹಾಸಕ್ಕೆ ಅಪಚಾರವಾದೀತು; ಪೌಂಡಿನ ಬೆಲೆ ಏರಿದ್ದುದು, ೨೦೦೦ದಲ್ಲಿ ಹಂದಿಜ್ವರ, ೨೦೦೧ರಲ್ಲಿ ಕಾಲುಬಾಯಿರೋಗ, ಇವೂ ಸೇರಿದ್ದವು. ಆದರೂ ತನ್ನ ಕೊಟ್ಟಿಗೆಯನ್ನು ಸಾಲಮಾಡಿ ಬದಲಿಸಿದ ರೈತನು ತನ್ನೂರಿನ ಅಂಗಡಿಯಲ್ಲಿಯೇ ಕಟಕಟೆಯ ಮಾಂಸದೊಡನೆ ಪೈಪೋಟಿ ಮಾಡಬೇಕಾದದ್ದು ನ್ಯಾಯವಲ್ಲ. ಗೋವಿಂದರಾಜನು ಹೇಳಿದ ‘ಕೊಂಡು ಮಾರುವವನು’ ಲೆಕ್ಕದಿಂದ ಜಾರಿಹೋದುದೇ ಇಲ್ಲಿನ ದೋಷ. ಯೂರೋಪಿನ ಒಕ್ಕೂಟದ ನಿಷೇಧವು ಜಾರಿಗೆ ಬಂದದ್ದು ೨೦೧೩ರ ಜನವರಿ ೧ರಂದು. ಅದೂ ಗರ್ಭಧಾರಣೆಯ ಮೊದಲ ನಾಲ್ಕು ವಾರಗಳನ್ನು ಬಿಟ್ಟು.

ಅಮೆರಿಕಾದಲ್ಲಿ ಮಾರುವವರೇ ಮುಂದೆ ಬಂದು ಮಾತು ಕೊಟ್ಟದ್ದುಂಟು. ೨೦೧೨ರಲ್ಲಿ ಮ್ಯಾಕ್‌ಡೊನಾಲ್ಡ್ಸ್ ಎಂಬ ಭೋಜನಗೃಹಗಳ ಸಂಸ್ಥೆಯು, ಮನುವಿನ ಪರಿಭಾಷೆಯಲ್ಲಿ ಕ್ರಯಿಯೂ ಉಪಹರ್ತನೂ ಎರಡೂ ಆದದ್ದು, ಹತ್ತು ವರ್ಷಗಳಲ್ಲಿ ಕಟಕಟೆಯ ಮಾಂಸವನ್ನು ಕೊಳ್ಳುವುದನ್ನು ಬಿಡುವುದಾಗಿ ಹೇಳಿತು. ೨೦೨೨ರಲ್ಲಿ ಗಡುವು ೨೦೨೪ರ ಕೊನೆಗೆ ಸರಿಯಿತು. ಪಂಡಿತರು ಗಮನಿಸಬೇಕಾದದ್ದು ಗಡುವಿಗಿಂತ ಹೆಚ್ಚಾಗಿ ಅಲ್ಲಿನ ವಿಶೇಷಣವನ್ನು: ‘ಗರ್ಭ ನಿಶ್ಚಿತವಾದ’ ಹಂದಿಗಳಿಗೆ ಮಾತ್ರ ಈ ಮಾತು ಅನ್ವಯಿಸುತ್ತದೆ. ನಿಶ್ಚಯವಾಗುವುದಕ್ಕೆ ಕೆಲವು ವಾರಗಳು ಬೇಕು. ಆ ವಾರಗಳಲ್ಲಿ ಪ್ರಾಣಿಯು ಸರಳುಗಳ ನಡುವೆ ಇದ್ದರೂ ವಾಕ್ಯಕ್ಕೆ ಭಂಗವಿಲ್ಲ. ವಿಶೇಷಣದಿಂದ ಅರ್ಥವನ್ನು ಸಂಕೋಚಗೊಳಿಸುವ ಈ ಜಾಣತನವು ನಮ್ಮ ಮೀಮಾಂಸಕರಿಗೆ ಹೊಸದಲ್ಲ, ಆದರೆ ಅಂಗಡಿಯಲ್ಲಿ ಕೊಳ್ಳುವವನು ಮೀಮಾಂಸಕನಲ್ಲ.

ಹಾಗಾಗಿ ಕ್ಯಾಲಿಫೋರ್ನಿಯಾದ ಜನರು ೨೦೧೮ರ ನವೆಂಬರಿನಲ್ಲಿ ಮತ ಕೊಟ್ಟು ಸ್ವೀಕರಿಸಿದ ಹನ್ನೆರಡನೆಯ ಪ್ರಸ್ತಾವವನ್ನು ನಾನು ಈ ಚರಿತ್ರೆಯ ತಿರುವೆಂದೆಣಿಸುತ್ತೇನೆ. ೨೦೦೮ರ ಅವರ ಹಿಂದಿನ ಕಾನೂನು ಸಾಕುವವನನ್ನು ಕುರಿತದ್ದು. ಇದು ಮಾರಾಟವನ್ನೂ ಹಿಡಿಯಿತು. ತಾಯಿಹಂದಿಗೆ ೨೪ ಚದರಡಿ ಸ್ಥಳವಿರದಿದ್ದರೆ, ಅದರ ಸಂತತಿಯ ಮಾಂಸವನ್ನು, ಅದು ಎಲ್ಲಿಯೇ ಬೆಳೆದಿರಲಿ, ಆ ಸಂಸ್ಥಾನದಲ್ಲಿ ತಿಳಿದೂ ಮಾರುವುದು ಅಪರಾಧವಾಯಿತು. ಕ್ಯಾಲಿಫೋರ್ನಿಯಾ ತಿನ್ನುವುದು ಆ ದೇಶದ ಹಂದಿಮಾಂಸದಲ್ಲಿ ನೂರಕ್ಕೆ ಸುಮಾರು ೧೩ ಪಾಲು. ಬಹುತೇಕ ಎಲ್ಲವೂ ಹೊರಗಿನಿಂದ ಬರುವಂಥದು. ಪರಸಂಸ್ಥಾನದ ಕೊಟ್ಟಿಗೆಯನ್ನು ಆಳಲು ಇವರಿಗೇನಧಿಕಾರವೆಂದು ಹಂದಿ ಸಾಕುವವರ ಮಂಡಲಿಯು ವ್ಯಾಜ್ಯ ಹೂಡಿತು. ೨೦೨೩ರ ಮೇ ೧೧ರಂದು ಅಲ್ಲಿಯ ಸರ್ವೋಚ್ಚ ನ್ಯಾಯಾಲಯವು ಐವರು ನಾಲ್ವರೆಂಬ ಬಹುಮತದಿಂದ ಆ ವ್ಯಾಜ್ಯವನ್ನು ತಳ್ಳಿಹಾಕಿತು. ತನ್ನ ಅಂಗಡಿಯಲ್ಲಿ ಏನನ್ನು ಮಾರಬೇಕೆಂದು ಗೊತ್ತುಮಾಡುವುದು ಪರರ ಕೊಟ್ಟಿಗೆಯನ್ನು ಆಳಿದಂತಲ್ಲವೆಂಬ ನ್ಯಾಯವು ಹೀಗೆ ನಿಂತಿತು. ಕುಲ್ಲೂಕನು ವಿಕ್ರಯಿಗೆ ಪ್ರತ್ಯೇಕ ಸ್ಥಾನವನ್ನು ಕೊಟ್ಟದ್ದೂ ಇಂಥ ವಿವೇಕದಿಂದಲೇ ಇರಬೇಕು.

ಆದರೆ ಆ ಕಾನೂನು ಹಿಡಿದಿರುವುದು ಬೇಯಿಸದ ಇಡೀ ತುಂಡುಗಳನ್ನು ಮಾತ್ರ. ಬೇಯಿಸಿದ ಮಾಂಸವೂ, ಬೇರೆ ಪದಾರ್ಥಗಳೊಡನೆ ಬೆರೆಸಿ ಸಿದ್ಧಪಡಿಸಿದ ತಿಂಡಿಗಳೂ ಅದರ ಹೊರಗೆ ಉಳಿದಿವೆ. ಮನುವಿನ ಪಟ್ಟಿಯಲ್ಲಿ ವಿಕ್ರಯಿಯ ಮುಂದೆಯೇ ಬರುವ ಸಂಸ್ಕರ್ತನು, ಎಂದರೆ ಪಾಕಮಾಡುವವನು, ಅಲ್ಲಿ ಇನ್ನೂ ಲೆಕ್ಕಕ್ಕೆ ಸೇರಿಲ್ಲ.