ಮುಟ್ಟುವ ಆಟದ ಲೆಕ್ಕ: ಬೆಂಗಳೂರು ಬುಲ್ಸ್ ಚರಿತ್ರೆ ಮತ್ತು ನಮ್ಮ ಕೇರಿಗಳು



ಐಪಿಎಲ್ ಬಂತಂದ್ರೆ ಎಲ್ಲರ ವಾಲ್ ಮೇಲೂ "ಈ ಸಲ ಕಪ್ ನಮ್ದೇ". ಆದರೆ ಬೆಂಗಳೂರಿಗೆ ಕಬಡ್ಡಿ ಕಪ್ 2019ರಲ್ಲೇ ಬಂದಿತ್ತು ಅನ್ನೋದು ಎಷ್ಟು ಜನಕ್ಕೆ ನೆನಪಿದೆ? ಇವತ್ತು ಆ ತಂಡದ ಬಗ್ಗೆ, ಬೆಂಗಳೂರು ಬುಲ್ಸ್ ಬಗ್ಗೆ ಬರೀತಿದೀನಿ. ಸ್ವಲ್ಪ ಉದ್ದ ಇದೆ, ಪುರುಸೊತ್ತು ಮಾಡ್ಕೊಂಡು ಓದಿ.

ಕಬಡ್ಡಿ ಅಂದ್ರೆ ಮುಟ್ಟುವ ಆಟ. ಎದುರಾಳಿಯನ್ನ ಮುಟ್ಟಿ ಗೆರೆ ದಾಟಿ ವಾಪಸ್ ಬಂದ್ರೆ ಪಾಯಿಂಟು. ಬಂದವನನ್ನ ತಬ್ಬಿ ಹಿಡಿದು ನೆಲಕ್ಕೆ ಕೆಡವಿದ್ರೂ ಪಾಯಿಂಟು. ಬ್ಯಾಟು ಬೇಡ, ಬಾಲು ಬೇಡ, ಮೈ ಇದ್ರೆ ಸಾಕು. ಹಾಗಾಗಿ ಈ ಆಟ ಬಡವರ ಕೇರಿಗಳಲ್ಲಿ ಉಳಿಯಿತು. ಹುತ್ರಿದುರ್ಗದ ಬುಡದ ಊರುಗಳಲ್ಲಿ ಆಡಿ ಬೆಳೆದವನು ನಾನು. ಆಟದಲ್ಲಿ ನಮ್ಮ ಹುಡುಗರ ತೊಡೆ ಹಿಡಿದು ಎಳೆದವರೇ, ಆಟ ಮುಗಿದ ಮೇಲೆ ನೀರು ಕೇಳಿದ್ರೆ ಚೊಂಬನ್ನ ಮೇಲೆತ್ತಿ ಬೊಗಸೆಗೆ ಹುಯ್ಯುತ್ತಿದ್ದರು. ಅಂಕಣದೊಳಗೆ ಮುಟ್ಟಬಹುದು, ಗೆರೆ ಆಚೆ ಮುಟ್ಟಂಗಿಲ್ಲ. "ಆಟದಲ್ಲಿ ಜಾತಿ ಎಲ್ಲಿದೆ?" ಅಂತ ಕೇಳೋರಿಗೆ ನಾನು ಹೇಳೋದು ಇದನ್ನೇ: ಸೀಟಿ ಊದೋ ತನಕ ಇರಲ್ಲ ಸ್ವಾಮಿ, ಆಮೇಲೆ ಇರುತ್ತೆ.

ಇದು ಹೊಸ ಕತೆಯೇನಲ್ಲ. ಭಾರತದ ಮೊದಲ ದೊಡ್ಡ ಸ್ಪಿನ್ ಬೌಲರ್ ಪಲ್ವಂಕರ್ ಬಾಳೂ ಹುಟ್ಟಿದ್ದು ನಮ್ಮ ಧಾರವಾಡದಲ್ಲಿ, 1876ರಲ್ಲಿ, ಚಮ್ಮಾರರ ಮನೆಯಲ್ಲಿ. ಪುಣೆಯ ಹಿಂದೂ ಕ್ಲಬ್ಬಿಗೆ ಅವರ ಬೌಲಿಂಗ್ ಬೇಕಿತ್ತು. ಅವರು ಮುಟ್ಟಿದ ಚೆಂಡನ್ನ ಮೇಲ್ಜಾತಿಯವರು ಮುಟ್ಟುತ್ತಿದ್ದರು. ಚಹಾ ಮಾತ್ರ ಪೆವಿಲಿಯನ್ ಹೊರಗೆ, ಬೇರೆ ಮಣ್ಣಿನ ಕುಡಿಕೆಯಲ್ಲಿ! 1911ರ ಇಂಗ್ಲೆಂಡ್ ಪ್ರವಾಸದಲ್ಲಿ ನೂರಕ್ಕೂ ಹೆಚ್ಚು ವಿಕೆಟ್ ಕಿತ್ತರೂ ಬಾಳೂ ಹಿಂದೂ ತಂಡದ ನಾಯಕರಾಗಲಿಲ್ಲ. ಅವರ ತಮ್ಮ ವಿಠ್ಠಲ್ ನಾಯಕರಾಗೋಕೆ 1923ರವರೆಗೆ ಕಾಯಬೇಕಾಯ್ತು.

ಈಗ ಬುಲ್ಸ್ ವಿಚಾರಕ್ಕೆ ಬರೋಣ.

ಪ್ರೊ ಕಬಡ್ಡಿ ಲೀಗ್ ಶುರುವಾಗಿದ್ದು 2014ರ ಜುಲೈನಲ್ಲಿ. ಎಂಟು ತಂಡಗಳಲ್ಲಿ ಬುಲ್ಸ್ ಕೂಡ ಒಂದು. ಮಣ್ಣಿನ ಆಟ ಮ್ಯಾಟ್ ಮೇಲೆ ಹತ್ತಿತು, ಟಿವಿಯಲ್ಲಿ ಬಂತು. ಆ ಮೊದಲ ಹರಾಜಿನಲ್ಲಿ ಅತಿ ಹೆಚ್ಚು ಬೆಲೆ ಸಿಕ್ಕಿದ್ದು ರಾಕೇಶ್ ಕುಮಾರ್‌ಗೆ, 12.8 ಲಕ್ಷ. 2023ರ ಹರಾಜಿನಲ್ಲಿ ಪವನ್ ಸೆಹ್ರಾವತ್ ಬೆಲೆ 2.6 ಕೋಟಿ ದಾಟಿತ್ತು. ಒಂಬತ್ತೇ ವರ್ಷ!

ಬುಲ್ಸ್ 2015ರಲ್ಲಿ ಫೈನಲ್ ತನಕ ಹೋಗಿ ಯು ಮುಂಬಾಗೆ ಸೋತರು. ಕಪ್ ಎತ್ತಿದ್ದು 2019ರ ಜನವರಿ 5ರಂದು, ಮುಂಬೈಯಲ್ಲಿ, ಗುಜರಾತ್ ಮೇಲೆ 38-33. ಆ ರಾತ್ರಿ ಪವನ್ ಒಬ್ಬನೇ 22 ಪಾಯಿಂಟ್ ತಂದ. ಆದರೆ ನೋಡಿ, ಕಪ್ ಗೆದ್ದ ಆ ಸೀಸನ್‌ನಲ್ಲಿ ಬೆಂಗಳೂರು ತಂಡದ ತವರು ಪಂದ್ಯಗಳು ನಡೆದದ್ದು ಪುಣೆಯಲ್ಲಿ. ಅದರ ಹಿಂದಿನ ಸಲ ನಾಗಪುರದಲ್ಲಿ. ಕೋವಿಡ್ ಕಾಲದ 2021-22ರ ಸೀಸನ್ ಪೂರ್ತಿ ಬೆಂಗಳೂರಲ್ಲೇ ನಡೀತು ನಿಜ. ಎಲ್ಲಿ? ವೈಟ್‌ಫೀಲ್ಡ್‌ನ ಸ್ಟಾರ್ ಹೋಟೆಲೊಂದರ ಒಳಗೆ, ಪ್ರೇಕ್ಷಕರೇ ಇಲ್ಲದೆ. 2024 ಮತ್ತು 2025ರಲ್ಲಿ ಬೆಂಗಳೂರಿಗೆ ಒಂದೇ ಒಂದು ಪಂದ್ಯವೂ ಇಲ್ಲ. ಹೆಸರು ನಮ್ಮದು, ಅಂಕಣ ಬೇರೆಯವರದು.

2024ರಲ್ಲಂತೂ ತಂಡ ನೆಲ ಕಚ್ಚಿತು. 22 ಪಂದ್ಯಗಳಲ್ಲಿ ಗೆದ್ದಿದ್ದು ಎರಡೇ, ಪಟ್ಟಿಯಲ್ಲಿ ಕಟ್ಟಕಡೆ. ಅದನ್ನ ನೋಡಿದಾಗ ನನಗೆ ಅಮೆರಿಕದ ಒಂದು ತಂಡದ ಚರಿತ್ರೆ ನೆನಪಾಯ್ತು.

ಅಲ್ಲಿನ ಫುಟ್‌ಬಾಲ್ ಕಾಲಲ್ಲಿ ಒದೆಯೋದಕ್ಕಿಂತ ಹೆಚ್ಚಾಗಿ ಚೆಂಡು ತಬ್ಬಿಕೊಂಡು ನುಗ್ಗುವ, ನುಗ್ಗಿದವನನ್ನ ಕೆಡವುವ ಆಟ. ನಮ್ಮ ಕಬಡ್ಡಿಯ ದಾಯಾದಿ ಅನ್ನಬಹುದು. ವಾಷಿಂಗ್ಟನ್ ತಂಡದ ಮಾಲೀಕ ಜಾರ್ಜ್ ಪ್ರೆಸ್ಟನ್ ಮಾರ್ಷಲ್ ಒಬ್ಬನೇ ಒಬ್ಬ ಕಪ್ಪು ಆಟಗಾರನನ್ನೂ ಸೇರಿಸಿಕೊಳ್ಳಲ್ಲ ಅಂತ ಹಟ ಹಿಡಿದು ಕೂತಿದ್ದ. ಬೇರೆ ತಂಡಗಳು ಒಂದೊಂದಾಗಿ ಬದಲಾದರೂ ಈತ ಬದಲಾಗಲಿಲ್ಲ. 1961ರಲ್ಲಿ ಆ ತಂಡ 14 ಪಂದ್ಯ ಆಡಿ ಗೆದ್ದದ್ದು ಒಂದು. ಮನುಷ್ಯರನ್ನ ಹೊರಗಿಟ್ಟು ಕಟ್ಟಿದ ತಂಡಕ್ಕೆ ಇನ್ನೇನಾಗುತ್ತೆ?

ಅವನ ಮನಸ್ಸು ಕರಗಿತಾ? ಇಲ್ಲ. ಕರಗಿಸಿದ್ದು ನೆಲ. ತಂಡಕ್ಕೆ ಕಟ್ಟಿದ ಹೊಸ ಸ್ಟೇಡಿಯಂ ಸರ್ಕಾರದ ಜಾಗದಲ್ಲಿತ್ತು. ಕೆನೆಡಿ ಸರ್ಕಾರದ ಮಂತ್ರಿ ಸ್ಟುವರ್ಟ್ ಯೂಡಾಲ್ ಹೇಳಿದ್ದು ಇಷ್ಟೇ: ನಮ್ಮ ಜಾಗದಲ್ಲಿ ಆಡಬೇಕಾದ್ರೆ ಭೇದ ಬಿಡಬೇಕು. 1962ರಲ್ಲಿ ಬಾಬಿ ಮಿಚೆಲ್ ಮುಂತಾದ ಕಪ್ಪು ಆಟಗಾರರು ಬಂದರು. ಅದೇ ವರ್ಷ ತಂಡ ಐದು ಪಂದ್ಯ ಗೆದ್ದಿತು. 1988ರಲ್ಲಿ ಅದೇ ತಂಡಕ್ಕೆ ಸೂಪರ್ ಬೌಲ್ ಗೆದ್ದುಕೊಟ್ಟವನು ಡಗ್ ವಿಲಿಯಮ್ಸ್, ಕಪ್ಪು ಕ್ವಾರ್ಟರ್‌ಬ್ಯಾಕ್. ಮೂಲನಿವಾಸಿಗಳನ್ನ ಅವಮಾನಿಸುವ ತಂಡದ ಹೆಸರೂ 2020ರಲ್ಲಿ ಬಿದ್ದುಹೋಯ್ತು.

ಬುಲ್ಸ್‌ನವರು ಜಾತಿ ನೋಡಿ ಯಾರನ್ನೋ ಬಿಟ್ಟಿದ್ದಾರೆ ಅಂತ ನಾನು ಹೇಳ್ತಿಲ್ಲ. ನಾನು ಕೇಳ್ತಿರೋದು ಅದಕ್ಕೂ ಮುಂಚಿನ ಮೆಟ್ಟಿಲ ಬಗ್ಗೆ. ಮ್ಯಾಟ್ ಇರೋ ಶಾಲೆ ಯಾರದು? ಟ್ರಯಲ್ಸ್ ಸುದ್ದಿ ಯಾರ ಕಿವಿಗೆ ಬೀಳುತ್ತೆ? ಕೂಲಿ ಬಿಟ್ಟು ಮೂರು ದಿನ ಬೆಂಗಳೂರಲ್ಲಿ ಇರೋಕೆ ಯಾರ ಹತ್ರ ಕಾಸಿದೆ? ಹೊನಲು ಬೆಳಕಿನ ಪಂದ್ಯಾವಳಿಯಲ್ಲಿ ಬರಿಗಾಲಲ್ಲಿ ಮಿಂಚಿದ ಹುಡುಗ ಮರುವರ್ಷ ಗಾರೆ ಕೆಲಸದಲ್ಲಿ ಸಿಗ್ತಾನೆ. ಅಮೆರಿಕದಲ್ಲಿ ಆಟಗಾರರೆಷ್ಟು ಕಪ್ಪು, ಕೋಚ್‌ಗಳೆಷ್ಟು ಕಪ್ಪು ಅಂತ ಎಣಿಸಿ ವರದಿ ಮಾಡ್ತಾರೆ. ನಮ್ಮಲ್ಲಿ ರೈಡ್ ಎಣಿಸ್ತಾರೆ, ಟ್ಯಾಕಲ್ ಎಣಿಸ್ತಾರೆ. ಕೇರಿಯಿಂದ ಮ್ಯಾಟ್ ತನಕ ಎಷ್ಟು ಮಕ್ಕಳು ಬಂದ್ರು ಅನ್ನೋದನ್ನ ಎಣಿಸೋರು ಯಾರು?

ಮುಂದಿನ ಸೀಸನ್ ಹೇಗಿರುತ್ತೆ ಅಂತ ಕೇಳೋರಿಗೆ ಒಂದು ಮಾತು. 2025ರಲ್ಲಿ ತಂಡ ಎದ್ದು ನಿಂತಿದೆ. ನಮ್ಮ ಕರ್ನಾಟಕದವರೇ ಆದ, ಅರ್ಜುನ ಪ್ರಶಸ್ತಿ ಪಡೆದ ಬಿ.ಸಿ. ರಮೇಶ್ ಕೋಚ್ ಆಗಿ ಬಂದರು. ಬಂಗಾಳಕ್ಕೂ ಪುಣೆಗೂ ಕಪ್ ಗೆಲ್ಲಿಸಿದ ಕೈ ಅದು. ದೊಡ್ಡ ಹೆಸರುಗಳ ಹಿಂದೆ ಬೀಳದೆ ಎಳೆಯರ ತಂಡ ಕಟ್ಟಿದರು. 18ರಲ್ಲಿ 11 ಗೆಲುವು, ಮೂರನೇ ಸ್ಥಾನ. ಇರಾನಿನ ಅಲಿರೆಜಾ ಮಿರ್ಜಾಯಿಯನ್ ರೈಡಿಂಗ್‌ನಲ್ಲಿ, ಯೋಗೇಶ್ ದಹಿಯಾ ಹಿಡಿತದಲ್ಲಿ ಮಿಂಚಿದರು. ಪ್ಲೇಆಫ್‌ನಲ್ಲಿ ಎಡವಿದ್ದು ನಿಜ. ಈ ಡಿಫೆನ್ಸ್ ಚದುರದಂತೆ ಉಳಿಸಿಕೊಂಡು ಒಬ್ಬ ಎರಡನೇ ರೈಡರ್‌ನ ಬೆಳೆಸಿದ್ರೆ ಫೈನಲ್ ದೂರ ಇಲ್ಲ. ಹೆಸರಿಲ್ಲದ ಹುಡುಗರ ಮೇಲೆ ನಂಬಿಕೆ ಇಟ್ರೆ ಏನಾಗುತ್ತೆ ಅಂತ ರಮೇಶ್ ತೋರಿಸಿದ್ದಾರೆ. ಆ ನಂಬಿಕೆ ಇನ್ನೂ ಕೆಳಕ್ಕೆ, ನಮ್ಮ ಹಾಸ್ಟೆಲ್‌ಗಳ ತನಕ ಇಳೀಬೇಕು.

ಅದಕ್ಕೆ ನಮ್ಮ ಬೇಡಿಕೆ ಸರಳ. ಸಂಪಂಗಿ ಕೆರೆಯ ಅಂಗಳದಲ್ಲಿ ಎದ್ದ ಕಂಠೀರವ ಕ್ರೀಡಾಂಗಣ ಸರ್ಕಾರದ್ದು, ಅಂದ್ರೆ ನಮ್ಮದು. ಲೀಗ್ ಮತ್ತೆ ಅಲ್ಲಿಗೆ ಬರಬೇಕು. ಬರುವಾಗ ಯೂಡಾಲ್ ಹಾಕಿದ ಥರ ಷರತ್ತೂ ಇರಬೇಕು: ಪ್ರತಿ ಜಿಲ್ಲೆಯಲ್ಲಿ ಬಹಿರಂಗ ಟ್ರಯಲ್ಸ್, ಬಂದವರ ಹಾಗೂ ಆಯ್ಕೆಯಾದವರ ಲೆಕ್ಕ ಜನರ ಮುಂದೆ. ಅಭಿವೃದ್ಧಿ ಬಜೆಟ್ಟಿನ ಶೇ. 24.1ರಷ್ಟು ಪಾಲನ್ನ ಪರಿಶಿಷ್ಟರಿಗೆ ಇಡಬೇಕು ಅನ್ನೋ 2013ರ ಕಾಯ್ದೆ ಇದೆ. ಆ ಹಣದಲ್ಲಿ ಸಮಾಜ ಕಲ್ಯಾಣ ಇಲಾಖೆಯ ಹಾಸ್ಟೆಲ್‌ಗಳಿಗೆ, ಮೊರಾರ್ಜಿ ಶಾಲೆಗಳಿಗೆ ಮ್ಯಾಟ್ ಮತ್ತು ಕೋಚ್ ಕೊಡಿ. ಹೆಣ್ಣುಮಕ್ಕಳನ್ನ ಮರೀಬೇಡಿ. ತೇಜಸ್ವಿನಿ ಬಾಯಿ, ಮಮತಾ ಪೂಜಾರಿ ಏಷ್ಯನ್ ಗೇಮ್ಸ್ ಚಿನ್ನ ತಂದದ್ದು ಇದೇ ನೆಲದಿಂದ.

ಕುಣಿಗಲ್, ಗುಬ್ಬಿ, ತುಮಕೂರು ಕಡೆಯ ಗೆಳೆಯರೇ, ನಿಮ್ಮೂರಲ್ಲಿ ಆಡುವ ಮಕ್ಕಳಿದ್ರೆ ಕಾಮೆಂಟಲ್ಲಿ ಊರಿನ ಹೆಸರು ಬರೀರಿ. ಸರ್ಕಾರ ಎಣಿಸದಿದ್ರೆ ನಾವೇ ಎಣಿಸೋಣ. ಆ ಪಟ್ಟಿ ಹಿಡ್ಕೊಂಡು ಕ್ರೀಡಾ ಇಲಾಖೆ ಬಾಗಿಲಿಗೆ ಹೋಗೋಣ.

ಜೈ ಭೀಮ್.