ಎಡೆದೊರೆ ನಾಡಿನ ತಂತಿ, ಕುದುರೆ ಮತ್ತು ನಾದ

ತಂತಿವಾದ್ಯದ ಬಿಡಿಭಾಗಗಳನ್ನು ಬದಲಿಸಿದರೆ ನಾದಗುಣ ಸುಧಾರಿಸುತ್ತದೆಯೇ, ಮೀಟಿದ ಸ್ವರ ಹೆಚ್ಚು ಹೊತ್ತು ನಿಲ್ಲುತ್ತದೆಯೇ ಎಂಬ ಪ್ರಶ್ನೆಯನ್ನು ಇಂದು ಹೆಚ್ಚಾಗಿ ಎತ್ತುವವರು ಎಲೆಕ್ಟ್ರಿಕ್ ಗಿಟಾರ್ ವಾದಕರು. ಸ್ವರ ಹೀಗೆ ನಿಲ್ಲುವ ಗುಣವನ್ನು ಅವರು ಸಸ್ಟೇನ್ ಎನ್ನುತ್ತಾರೆ; ಇಲ್ಲಿ ಅದನ್ನು ಅನುರಣನ ಎಂದು ಕರೆಯಬಹುದು. ಪ್ರಶ್ನೆ ಮಾತ್ರ ಗಿಟಾರಿಗಿಂತ ಬಹಳ ಹಳೆಯದು. ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವಿನ, ಶಾಸನಗಳಲ್ಲಿ ಎಡೆದೊರೆ ಎನಿಸಿಕೊಂಡ, ಇಂದಿನ ಸಿಂಧನೂರು, ಲಿಂಗಸುಗೂರು ಮತ್ತು ಮಸ್ಕಿ ತಾಲ್ಲೂಕುಗಳನ್ನು ಒಳಗೊಂಡ ಸೀಮೆಯ ವಾದ್ಯಗಳನ್ನು ಪರಿಶೀಲಿಸಿದರೆ ಅದಕ್ಕೆ ಸಾಕಷ್ಟು ಸ್ಪಷ್ಟವಾದ ಉತ್ತರ ದೊರೆಯುತ್ತದೆ.

ಈ ಸೀಮೆ ಹಾಡಿಕೆಯ ಸೀಮೆ. ಮಾನ್ವಿಯ ಜಗನ್ನಾಥದಾಸರ ಶಿಷ್ಯರಾದ ಪ್ರಾಣೇಶದಾಸರು ಲಿಂಗಸುಗೂರಿನವರು. ಸಿಂಧನೂರು ತಾಲ್ಲೂಕಿನ ಅಂಬಾಮಠದ ಸಿದ್ಧಪರ್ವತವು ಚಿದಾನಂದಾವಧೂತರ ಹೆಸರಿನೊಡನೆ ಬೆಸೆದುಕೊಂಡಿದೆ. ದಾಸರ ಕೈಯಲ್ಲಿ ತಂಬೂರಿ, ತತ್ವಪದಕಾರರ ಕೈಯಲ್ಲಿ ಏಕತಾರಿ, ಎಲ್ಲಮ್ಮನ ಜೋಗತಿಯರ ಕೈಯಲ್ಲಿ ಚೌಡಿಕೆ ಎಂಬ ಹಂಚಿಕೆ ಬಹುಕಾಲ ನಡೆದುಬಂದಿದೆ. ಏಕತಾರಿಯೆಂದರೆ ಸೋರೆಬುರುಡೆಗೆ ಬಿದಿರಿನ ಕೋಲು ತೂರಿಸಿ, ಬುರುಡೆಯ ಬಾಯಿಗೆ ಚರ್ಮ ಬಿಗಿದು, ಒಂದೇ ತಂತಿ ಕಟ್ಟಿದ ವಾದ್ಯ. ಅದರ ಕುದುರೆ, ಎಂದರೆ ತಂತಿಯನ್ನು ಎತ್ತಿ ಹಿಡಿಯುವ ಸಣ್ಣ ಆಧಾರ, ನೇರವಾಗಿ ಚರ್ಮದ ಮೇಲೆ ಕೂರುತ್ತದೆ. ಚರ್ಮ ತೆಳುವಾದುದರಿಂದ ತಂತಿಯ ಕಂಪನವನ್ನು ಬೇಗ ಹೀರಿಕೊಂಡು ಗಾಳಿಗೆ ಚೆಲ್ಲುತ್ತದೆ; ಹೀಗಾಗಿ ಸ್ವರ ಗಟ್ಟಿಯಾಗಿ ಕೇಳಿ ಕೂಡಲೇ ಅಡಗುತ್ತದೆ. ಇದನ್ನು ದೋಷವೆಂದು ಎಣಿಸುವುದು ತಪ್ಪು. ತತ್ವಪದ ಹಾಡುವವರಿಗೆ ಒಂದೇ ತಂತಿಯಿಂದ ಶ್ರುತಿಯೂ ಲಯವೂ ಬೇಕಾಗಿರುವುದರಿಂದ, ಪ್ರತಿ ಮೀಟೂ ಮುಂದಿನದಕ್ಕೆ ಜಾಗ ಬಿಟ್ಟು ಸರಿಯಲೇಬೇಕು.

ಬಿಡಿಭಾಗಗಳ ಸುಧಾರಣೆಯ ಲಿಖಿತ ಚರಿತ್ರೆ ಈ ಬಯಲಿನ ಎರಡೂ ಬದಿಗಳಲ್ಲಿ ಸಿಗುತ್ತದೆ. 13ನೆಯ ಶತಮಾನದಲ್ಲಿ ದೇವಗಿರಿಯ ಶಾರ್ಙ್ಗದೇವನು ಸಂಗೀತರತ್ನಾಕರದಲ್ಲಿ ಕಿನ್ನರಿಯ ಮೆಟ್ಟುಗಳನ್ನು, ಅಂದರೆ ಬೆರಳಿಟ್ಟು ಸ್ವರ ಹಿಡಿಯುವ ಅಡ್ಡಪಟ್ಟಿಗಳನ್ನು, ಮೇಣದಿಂದ ಕೂರಿಸುವ ಕ್ರಮವನ್ನು ವಿವರಿಸಿದ್ದಾನೆ. 1550ರಲ್ಲಿ ವಿಜಯನಗರದ ಅಳಿಯ ರಾಮರಾಯನ ಆಶ್ರಯದಲ್ಲಿ ರಾಮಾಮಾತ್ಯನು ಬರೆದ ಸ್ವರಮೇಳಕಲಾನಿಧಿಯು ವೀಣೆಯ ಮೆಟ್ಟುಗಳ ಸ್ಥಾನನಿರ್ಣಯಕ್ಕೆ ಒಂದು ಪ್ರಕರಣವನ್ನೇ ಮೀಸಲಿಟ್ಟಿದೆ. ಕೆಲವು ದಶಕಗಳ ಬಳಿಕ, ಲಿಂಗಸುಗೂರು ತಾಲ್ಲೂಕಿನ ಮುದಗಲ್ಲು ಕೋಟೆ ಯಾವ ಬಿಜಾಪುರದ ಅಧೀನದಲ್ಲಿತ್ತೋ ಅಲ್ಲಿಯ ಎರಡನೆಯ ಇಬ್ರಾಹಿಂ ಆದಿಲ್‌ಶಾಹನು ತನ್ನ ತಂಬೂರಿಗೆ ಮೋತಿಖಾನ್ ಎಂದು ಹೆಸರಿಟ್ಟು ಗೌರವಿಸಿದನು. ಗಮನಿಸಬೇಕಾದ ಸಂಗತಿಯೆಂದರೆ, ರಾಮಾಮಾತ್ಯನು ಮೆಟ್ಟುಗಳ ವಿಷಯದಲ್ಲಿ ಕೇಳಿದ್ದು ಸ್ವರ ಎಲ್ಲಿ ನಿಲ್ಲಬೇಕು ಎಂಬುದನ್ನೇ ಹೊರತು ಎಷ್ಟು ಹೊತ್ತು ನಿಲ್ಲಬೇಕು ಎಂಬುದನ್ನಲ್ಲ.

ಎರಡನೆಯ ಪ್ರಶ್ನೆಗೆ ಉತ್ತರ ಕಂಡುಕೊಂಡವರು ತಂಬೂರಿ ಮಾಡುವ ಕುಶಲಕರ್ಮಿಗಳು. ಉತ್ತರ ಕರ್ನಾಟಕದ ಗಾಯಕರಿಗೆ ಚಿರಪರಿಚಿತವಾದ ಮಿರಜದ ತಂಬೂರಿಯನ್ನು 19ನೆಯ ಶತಮಾನದಲ್ಲಿ ರೂಪಿಸಿದವರು ಆಯುಧ ಮಾಡುವ ವೃತ್ತಿಯಿಂದ ಬಂದ ಶಿಕಲಗಾರ ಮನೆತನದವರು. ಈ ವಾದ್ಯದ ಕುದುರೆಯ ಮೈ ಸಮತಟ್ಟಾಗಿರದೆ ಅತಿ ಸೂಕ್ಷ್ಮವಾಗಿ ಬಾಗಿರುತ್ತದೆ. ಕುದುರೆಗೂ ತಂತಿಗೂ ನಡುವೆ ಜೀವಾಳವೆಂಬ ಹತ್ತಿಯ ಎಳೆಯನ್ನು ತೂರಿಸಿ, ಕೂದಲೆಳೆಯಷ್ಟು ಹಿಂದೆ ಮುಂದೆ ಸರಿಸುತ್ತ ಹೋದರೆ, ಒಂದು ನಿರ್ದಿಷ್ಟ ಜಾಗದಲ್ಲಿ ಮಂಕಾಗಿದ್ದ ತಂತಿ ಒಮ್ಮೆಲೇ ಝೇಂಕರಿಸತೊಡಗುತ್ತದೆ. ತಂತಿ ಅದೇ, ಬುರುಡೆ ಅದೇ. ಬದಲಾದುದು ಕವಡೆ ಬೆಲೆಯ ನೂಲಿನ ಸ್ಥಾನ ಮಾತ್ರ. ಕುದುರೆ ಸವೆದಾಗ ಅದರ ಮೈಯನ್ನು ಮತ್ತೆ ಉಜ್ಜಿ ಹದಗೊಳಿಸುವ ಜವಾರಿ ಕೆಲಸವನ್ನು ಎಲ್ಲರೂ ಮಾಡಲಾರರು. ಒಂದು ಉಜ್ಜು ಹೆಚ್ಚಾದರೂ ಕುದುರೆ ಕೆಡುತ್ತದೆ.

ಬಾಗಿದ ಕುದುರೆಯ ಈ ಝೇಂಕಾರಕ್ಕೆ ವೈಜ್ಞಾನಿಕ ವಿವರಣೆ ನೀಡಿದವರು ಸಿ.ವಿ. ರಾಮನ್. ತಂತಿಯನ್ನು ಯಾವ ಬಿಂದುವಿನಲ್ಲಿ ಮೀಟಲಾಗುತ್ತದೆಯೋ ಆ ಬಿಂದುವಿನಲ್ಲಿ ಕಂಪಿಸದೆ ನಿಲ್ಲುವ ಉಪಸ್ವರಗಳು, ಎಂದರೆ ಮೂಲಸ್ವರದೊಡನೆ ಹುಟ್ಟುವ ಮೇಲಿನ ಸ್ವರಗಳು, ಕೇಳಿಸಕೂಡದೆಂಬುದು ಥಾಮಸ್ ಯಂಗ್ ನಿರೂಪಿಸಿದ ನಿಯಮ. ತಂಬೂರಿ ಮತ್ತು ವೀಣೆಗಳಲ್ಲಿ ಅವೂ ಸ್ಪಷ್ಟವಾಗಿ ಕೇಳಿಸುತ್ತವೆಂದೂ, ತಂತಿಯು ಬಾಗಿದ ಕುದುರೆಯನ್ನು ತಾಗುತ್ತ ಬಿಡುತ್ತ ಹೋಗುವುದೇ ಅದಕ್ಕೆ ಕಾರಣವೆಂದೂ ರಾಮನ್ 1921ರಲ್ಲಿ ಪ್ರಕಟಿಸಿದ ಲೇಖನದಲ್ಲಿ ತೋರಿಸಿದರು. ಬಿಡಿಭಾಗವೊಂದು ನಾದವನ್ನು ನಿಜವಾಗಿ ಬದಲಿಸುತ್ತದೆಂಬುದಕ್ಕೆ ಇದಕ್ಕಿಂತ ಗಟ್ಟಿಯಾದ ಸಾಕ್ಷ್ಯ ಬೇಕಿಲ್ಲ. ತಂಬೂರಿಯ ಬಿರಡೆಗಳ ಮಾತು ಬೇರೆ. ತಂತಿಯನ್ನು ಬಿಗಿಯುವ ಈ ಗೂಟಗಳಿಗೆ ದಂತದ ಕೆತ್ತನೆ ಕೂಡಿಸಿದರೂ ನಾದ ಬೆಳೆಯುವುದಿಲ್ಲ. ಬಿರಡೆ ಜಾರದಿದ್ದರೆ ಶ್ರುತಿ ನಿಲ್ಲುತ್ತದೆ, ಅಷ್ಟೆ.

ಎಲೆಕ್ಟ್ರಿಕ್ ಗಿಟಾರಿನಲ್ಲಿ ಪರಿಸ್ಥಿತಿ ತಿರುವುಮುರುವಾಗಿದೆ. ಫೆಂಡರ್ ಕಂಪನಿಯು 1950ರಲ್ಲಿ ಮಾರುಕಟ್ಟೆಗೆ ತಂದ ಗಟ್ಟಿ ಮರದ ಗಿಟಾರಿನಲ್ಲಿ ಬುರುಡೆಯೂ ಇಲ್ಲ, ಚರ್ಮವೂ ಇಲ್ಲ. ಅಯಸ್ಕಾಂತಕ್ಕೆ ತಂತಿ ಸುತ್ತಿ ಮಾಡಿದ ಪಿಕಪ್ ಎಂಬ ಸಾಧನವು ಉಕ್ಕಿನ ತಂತಿಯ ಚಲನೆಯನ್ನು ನೇರವಾಗಿ ವಿದ್ಯುತ್ತಾಗಿ ಮಾರ್ಪಡಿಸುತ್ತದೆ. ಮರವು ಗಾಳಿಯನ್ನು ಅಲುಗಿಸಬೇಕಾಗಿಲ್ಲದ ಕಾರಣ ಕಂಪನ ತಂತಿಯಲ್ಲೇ ಉಳಿದು ಅನುರಣನ ತಾನಾಗಿಯೇ ದೀರ್ಘವಾಗುತ್ತದೆ. ಅದೇ ಕಂಪನಿಯ 1954ರ ಸ್ಟ್ರಾಟೋಕಾಸ್ಟರ್ ಗಿಟಾರಿನ ಕುದುರೆಯ ಕೆಳಗೆ ಉಕ್ಕಿನ ದಿಮ್ಮಿಯಿತ್ತು. 1970ರ ದಶಕದಲ್ಲಿ ಅದರ ಜಾಗಕ್ಕೆ ಎರಕದ ಸತುವಿನ ಮಿಶ್ರಲೋಹ ಬಂದಾಗ ವಾದಕರು ಅಸಮಾಧಾನಗೊಂಡು, ಉಕ್ಕು ಅಥವಾ ಹಿತ್ತಾಳೆಯ ದಿಮ್ಮಿಗಳನ್ನು ಬೇರೆಯಾಗಿ ಕೊಂಡು ಕೂರಿಸಿಕೊಳ್ಳತೊಡಗಿದರು. ಭಾರವಾದ ಕುದುರೆ ತಂತಿಯಿಂದ ಸೋರುವ ಶಕ್ತಿಯನ್ನು ತುಸು ತಡೆಯುತ್ತದೆಂಬುದು ನಿಜ. ಆದರೆ ಗಟ್ಟಿ ಮರದ ಗಿಟಾರಿನಲ್ಲಿ ಸೋರಿಕೆ ಹೆಚ್ಚಾಗಿ ನಡೆಯುವುದು ಉದ್ದನೆಯ, ತೆಳ್ಳನೆಯ ಕೊರಳಿನ ಕಡೆಯಿಂದ. ಕೊರಳು ಯಾವ ಸ್ವರಕ್ಕೆ ತಾನೂ ಕಂಪಿಸುತ್ತದೆಯೋ ಆ ಸ್ವರ ಬೇಗ ಸಾಯುತ್ತದೆ, ಕುದುರೆ ಎಷ್ಟೇ ಭಾರವಿದ್ದರೂ. ಫ್ಲಾಯ್ಡ್ ರೋಸ್ ಅವರ, ತಂತಿಯನ್ನು ಎರಡೂ ತುದಿಗಳಲ್ಲಿ ಬಿಗಿಹಿಡಿಯುವ ವ್ಯವಸ್ಥೆಯೂ ಮೂಲತಃ ಶ್ರುತಿ ತಪ್ಪದಂತೆ ಕಾಯುವ ಉಪಾಯವೇ.

ಗಿಟಾರಿನ ಧ್ವನಿ ಕನ್ನಡಿಗರ ಕಿವಿಗೆ ರೂಢಿಯಾದದ್ದು ಬಹುಪಾಲು ಚಿತ್ರಗೀತೆಗಳಿಂದ. ಇತ್ತ 1979ರಲ್ಲಿ ಬೆಂಗಳೂರಿನ ಜಿ. ರಾಜ್ ನಾರಾಯಣ್ ರೂಪಿಸಿದ ಎಲೆಕ್ಟ್ರಾನಿಕ್ ತಂಬೂರಿಯು ಬಿಡಿಭಾಗಗಳ ಗೊಡವೆಯನ್ನೇ ತೊಡೆದುಹಾಕಿತು. ಅದರಲ್ಲಿ ತಂತಿಯಿಲ್ಲ, ಕುದುರೆಯಿಲ್ಲ, ಅನುರಣನಕ್ಕೆ ಕೊನೆಯೂ ಇಲ್ಲ. ಆದರೂ ಅದರ ಶಬ್ದವನ್ನು ಜವಾರಿ ಸರಿಯಿರುವ ತಂಬೂರಿಯೆಂದು ಭ್ರಮಿಸುವ ಗಾಯಕರು ವಿರಳ.

ಆದ್ದರಿಂದ ಗಿಟಾರಿನ ಲೋಹದ ಬಿಡಿಭಾಗಗಳಿಗೆ ಹಣ ಸುರಿಯಲು ಹೊರಟವರು ಮೊದಲು ತುಕ್ಕು ಹಿಡಿದ ತಂತಿಗಳನ್ನು ಬದಲಿಸಿ, ತಂತಿ ಕೂರುವ ಎರಡೂ ತುದಿಗಳ ತೋಡುಗಳನ್ನು ಬಲ್ಲವರಿಂದ ಉಜ್ಜಿಸಿ ನೋಡುವುದು ಲೇಸು. ಅಷ್ಟರಿಂದಲೂ ಸರಿಹೋಗದ ನಾದ ಹಿತ್ತಾಳೆಯ ದಿಮ್ಮಿಯೊಂದರಿಂದ ಸರಿಹೋಗುವ ಸಂಭವ ಕಡಿಮೆ.